ಮೊದಲ ಚಿಟ್ಟೆಯ ಸಾಕ್ಷ್ಯ ಎಷ್ಟು ಗಟ್ಟಿ?

ಫೆಬ್ರುವರಿ ಕೊನೆಗೋ ಮಾರ್ಚ್ ಆರಂಭಕ್ಕೋ ದಕ್ಷಿಣ ಇಂಗ್ಲೆಂಡಿನಲ್ಲಿ ಎರಡು ದಿನ ಚೆನ್ನಾಗಿ ಬಿಸಿಲು ಬಿದ್ದರೆ ಸಾಕು, ಅಲ್ಲಿನ ನಿಸರ್ಗ ಮೀಸಲು ಪ್ರದೇಶಗಳಲ್ಲಿ ಅಡ್ಡಾಡಿ ಬಂದವರೆಲ್ಲ ಒಂದೇ ಸುದ್ದಿ ಹೇಳತೊಡಗುತ್ತಾರೆ: ವರ್ಷದ ಮೊದಲ ಚಿಟ್ಟೆ ಕಂಡಿತು. ಹೆಚ್ಚಿನ ಸಲ ಅದು ಗಂಧಕದಂಥ ಹಳದಿ ರೆಕ್ಕೆಯ ಬ್ರಿಮ್‌ಸ್ಟೋನ್ ಗಂಡು. ಇಲ್ಲವಾದರೆ ಕಿತ್ತಳೆ ರೆಕ್ಕೆಯ ಮೇಲೆ ಕಪ್ಪು ಪಟ್ಟೆಗಳಿರುವ ಸ್ಮಾಲ್ ಟಾರ್ಟಾಯ್ಸ್‌ಶೆಲ್. ಸುದ್ದಿಯ ಬೆನ್ನಿಗೇ ತೀರ್ಮಾನಗಳೂ ಬರುತ್ತವೆ. ವಸಂತ ಬಂತು. ಹೋದ ವರ್ಷಕ್ಕಿಂತ ಬೇಗ ಬಂತು. ಹವಾಮಾನ ಬದಲಾಗುತ್ತಿದೆ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಅದೇನೇ ಇರಲಿ, ಚಿಟ್ಟೆಗಳಿಗಂತೂ ಒಳ್ಳೆಯದೇ ಆಯಿತು. ಈ ಮಾತುಗಳು ಒಂದರ ಹಿಂದೊಂದು ಸರಾಗವಾಗಿ ಬರುವುದರಿಂದ ಎಲ್ಲವೂ ಒಂದೇ ಮಾತೆಂಬಂತೆ ಕೇಳಿಸುತ್ತವೆ. ನಿಜಕ್ಕೂ ಇವು ನಾಲ್ಕು ಬೇರೆಬೇರೆ ಹೇಳಿಕೆಗಳು. ಒಂದಕ್ಕೆ ಸಿಕ್ಕ ಪುರಾವೆ ಮತ್ತೊಂದಕ್ಕೆ ತಾನಾಗಿಯೇ ಸಲ್ಲುವುದಿಲ್ಲ.

ಈ ನಂಬಿಕೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅದರ ಹಿಂದೆ ಗೌರವಕ್ಕೆ ತಕ್ಕ ಪರಂಪರೆಯೇ ಇದೆ. ನಾರ್ಫೋಕ್ ಪ್ರಾಂತದ ಸ್ಟ್ರಾಟನ್ ಸ್ಟ್ರಾಲೆಸ್ ಎಂಬ ಊರಿನ ಜಮೀನುದಾರ ರಾಬರ್ಟ್ ಮಾರ್ಷಮ್ 1736ರಲ್ಲಿ ತನ್ನ ಎಸ್ಟೇಟಿನಲ್ಲಿ ವಸಂತದ ಲಕ್ಷಣಗಳನ್ನು ಬರೆದಿಡಲು ಶುರುಮಾಡಿದ. ಓಕ್ ಮರ ಚಿಗುರಿದ ದಿನ, ಕಪ್ಪೆ ವಟಗುಟ್ಟಿದ ದಿನ, ಕೋಗಿಲೆ ಮೊದಲು ಕೂಗಿದ ದಿನ, ಕವಲುತೋಕೆ ಹಕ್ಕಿ ಮರಳಿ ಬಂದ ದಿನ, ಹೀಗೆ ಒಟ್ಟು 27 ಲಕ್ಷಣಗಳು. ಹಳದಿ ಚಿಟ್ಟೆ ಕಾಣಿಸಿಕೊಂಡ ದಿನವೂ ಅವುಗಳಲ್ಲೊಂದು. ಅದು ಬ್ರಿಮ್‌ಸ್ಟೋನ್ ಎಂದೇ ತಿಳಿದವರು ಭಾವಿಸುತ್ತಾರೆ. 1789ರಲ್ಲಿ ಈ ದಾಖಲೆಗಳು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾದವು. ಮಾರ್ಷಮ್ ತೀರಿಕೊಂಡ ಮೇಲೆ ಅವನ ವಂಶದವರು 1958ರವರೆಗೂ ಈ ಕೆಲಸವನ್ನು ಮುಂದುವರಿಸಿದರು. ಋತುಗಳಿಗೂ ಜೀವಿಗಳಿಗೂ ಇರುವ ನಂಟನ್ನು ಅಧ್ಯಯನ ಮಾಡುವ ಶಾಸ್ತ್ರ ಬ್ರಿಟನ್ನಿನಲ್ಲಿ ಬೇರೂರಿದ್ದೇ ಹೀಗೆ. ತಾಪಮಾನ ಏರಿದರೆ ಜೀವಿಗಳ ದಿನಚರಿ ಹಿಂದಕ್ಕೆ ಸರಿಯುತ್ತದೆ ಎಂಬುದೂ ಪದೇ ಪದೇ ಸಾಬೀತಾದ ಸಂಗತಿ. ಹಾಗಿದ್ದ ಮೇಲೆ ಮೊದಲ ಚಿಟ್ಟೆಯನ್ನು ವಸಂತದ ಅಳತೆಗೋಲಾಗಿ ನೋಡುವುದರಲ್ಲಿ ತಪ್ಪೇನು?

ತಪ್ಪಿರುವುದು ಅಳತೆಗೋಲಿನ ಆಯ್ಕೆಯಲ್ಲಿ. ಹವಾಮಾನ ಬದಲಾಗುತ್ತಿಲ್ಲವೆಂದೋ ಚಿಟ್ಟೆಗಳು ಅದಕ್ಕೆ ಸ್ಪಂದಿಸುತ್ತಿಲ್ಲವೆಂದೋ ಇಲ್ಲಿ ವಾದಿಸುತ್ತಿಲ್ಲ. ಆ ಎರಡು ಸಂಗತಿಗಳಿಗೂ ಬೇರೆ ಕಡೆ ಬಲವಾದ ಆಧಾರಗಳಿವೆ. ಮಾರ್ಚ್ ತಿಂಗಳ ಮೊದಲ ಚಿಟ್ಟೆ ಬಹುಮಟ್ಟಿಗೆ ಹೋದ ವರ್ಷದ ಕಥೆಯನ್ನೂ ಅದನ್ನು ಕಂಡವರ ಕಥೆಯನ್ನೂ ಹೇಳುತ್ತದೆ. ಈ ವಸಂತದ ಬಗ್ಗೆ ಹೇಳುವುದು ತೀರಾ ಕಡಿಮೆ. ವಾದ ಇಷ್ಟೇ.

ಮೊದಲಿಗೆ, ಕಂಡದ್ದು ಯಾವ ಚಿಟ್ಟೆ ಎಂಬ ಪ್ರಶ್ನೆಯನ್ನೇ ಎತ್ತಿಕೊಳ್ಳಬಹುದು. ಬ್ರಿಟನ್ನಿನಲ್ಲಿ ನಿಯಮಿತವಾಗಿ ಕಾಣುವ ಚಿಟ್ಟೆಗಳು ಸುಮಾರು 60 ಜಾತಿ. ಅಲ್ಲಿನ ಚಳಿಗಾಲವನ್ನು ಅವು ಒಂದೊಂದೂ ತನ್ನದೇ ರೀತಿಯಲ್ಲಿ ದಾಟುತ್ತವೆ. ಕೆಲವು ಮೊಟ್ಟೆಯಾಗಿ, ಹೆಚ್ಚಿನವು ಕಂಬಳಿಹುಳುವಾಗಿ, ಇನ್ನು ಕೆಲವು ಕೋಶವಾಗಿ ಚಳಿಗಾಲ ಕಳೆಯುತ್ತವೆ. ಸ್ಪೆಕಲ್ಡ್ ವುಡ್ ಎಂಬ ಕಂದು ಚಿಟ್ಟೆ ಮಾತ್ರ ಕಂಬಳಿಹುಳುವಾಗಿಯೂ ಕೋಶವಾಗಿಯೂ ಚಳಿಗಾಲ ದಾಟಬಲ್ಲದು. ರೆಕ್ಕೆ ಬಂದ ಪೂರ್ಣ ಚಿಟ್ಟೆಯಾಗಿಯೇ ನಿದ್ದೆಗೆ ಜಾರುವವು ಬೆರಳೆಣಿಕೆಯಷ್ಟು: ಬ್ರಿಮ್‌ಸ್ಟೋನ್, ಸ್ಮಾಲ್ ಟಾರ್ಟಾಯ್ಸ್‌ಶೆಲ್, ಪೀಕಾಕ್ ಮತ್ತು ಕಾಮಾ. ಮೊದಲೆಲ್ಲ ಬೇಸಿಗೆಯ ವಲಸೆಗಾರ ಎಂದಷ್ಟೇ ಪರಿಗಣಿಸುತ್ತಿದ್ದ ರೆಡ್ ಅಡ್ಮಿರಲ್‌ನ ಕೆಲವು ಚಿಟ್ಟೆಗಳು ಈಗ ದಕ್ಷಿಣದಲ್ಲಿ ಚಳಿಗಾಲವನ್ನು ಕಳೆಯುವುದರಿಂದ ಅದನ್ನೂ ಐದನೆಯದಾಗಿ ಸೇರಿಸಬಹುದು. ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಕಾಣುವ ಚಿಟ್ಟೆಗಳು ಹೆಚ್ಚುಕಡಿಮೆ ಈ ಐದರ ಪೈಕಿಯೇ ಇರುತ್ತವೆ.

ಹಾಗಾಗಿ, ಮಾರ್ಚ್‌ನಲ್ಲಿ ಕಂಡ ಬ್ರಿಮ್‌ಸ್ಟೋನ್ ಆ ವಸಂತದಲ್ಲಿ ಹುಟ್ಟಿದ್ದಲ್ಲ. ಅದು ಕೋಶ ಒಡೆದು ಹೊರಬಂದದ್ದು ಹಿಂದಿನ ಜುಲೈ ಅಥವಾ ಆಗಸ್ಟಿನಲ್ಲಿ. ಹೂವಿನ ಮಕರಂದ ಹೀರಿ ಮೈಯಲ್ಲಿ ಕೊಬ್ಬು ಕೂಡಿಟ್ಟುಕೊಂಡು, ಐವಿ ಬಳ್ಳಿಯ ಎಲೆಗಳ ಮರೆಯಲ್ಲಿ ರೆಕ್ಕೆ ಮುಚ್ಚಿ ತಾನೂ ಒಂದು ಎಲೆಯೆಂಬಂತೆ ತಿಂಗಳುಗಟ್ಟಲೆ ಅಲುಗದೆ ಕುಳಿತಿತ್ತು. ಅದು ಎದ್ದುಬರಲು ಬೇಕಾದದ್ದು ಒಂದು ಬಿಸಿಲಿನ ಹೊತ್ತು ಮಾತ್ರ. ಚಿಟ್ಟೆ ಹಾರಬೇಕಾದರೆ ಎದೆಯ ಸ್ನಾಯುಗಳು ಸುತ್ತಲಿನ ಗಾಳಿಗಿಂತ ಬಹಳ ಬೆಚ್ಚಗಿರಬೇಕು. ಆ ಬಿಸಿಯನ್ನು ಅದು ಬಿಸಿಲಿಗೆ ಮೈಯೊಡ್ಡಿ ಪಡೆಯುತ್ತದೆ. ಗಾಳಿ ತಣ್ಣಗಿದ್ದರೂ ಗಾಳಿಯ ಹೊಡೆತವಿಲ್ಲದ ಮೂಲೆಯಲ್ಲಿ ನೇರ ಬಿಸಿಲು ಬಿದ್ದರೆ ಸಾಕು. ಮರುದಿನ ಹಿಮ ಬಿದ್ದರೆ ಅದೇ ಚಿಟ್ಟೆ ಮತ್ತೆ ಎಲೆಯ ಮರೆ ಸೇರುತ್ತದೆ. ಸ್ಮಾಲ್ ಟಾರ್ಟಾಯ್ಸ್‌ಶೆಲ್ ಕಥೆ ಇನ್ನೂ ವಿಚಿತ್ರ. ಅದು ಮನೆಗಳ ಅಟ್ಟದಲ್ಲಿ, ಸಾಮಾನಿನ ಕೋಣೆಗಳಲ್ಲಿ ಮಲಗುವುದುಂಟು. ಮನೆಯವರು ಹೀಟರ್ ಹಾಕಿದರೆ ಜನವರಿಯಲ್ಲೇ ಎಚ್ಚರಗೊಂಡು ಕಿಟಕಿಗೆ ಬಡಿದುಕೊಳ್ಳುತ್ತದೆ. ಇಂಥ ಚಿಟ್ಟೆಯನ್ನು ಕಂಡರೆ ನಿನ್ನೆಯೋ ಇವತ್ತೋ ಎಲ್ಲೋ ಒಂದು ಕಡೆ ಬೆಚ್ಚಗಿತ್ತೆಂದು ತಿಳಿಯುತ್ತದೆ. ಅದಕ್ಕಿಂತ ಹೆಚ್ಚಿನದು ತಿಳಿಯುವುದಿಲ್ಲ.

ಕೋಶವಾಗಿ ಚಳಿಗಾಲ ಕಳೆಯುವ ಆರೆಂಜ್ ಟಿಪ್‌ನ ಸಾಕ್ಷ್ಯದ ತೂಕ ಬೇರೆ. ಅದರ ಕೋಶದೊಳಗಿನ ಬೆಳವಣಿಗೆಗೆ ಮೊದಲು ಚಳಿ ಬೇಕು, ಆಮೇಲೆ ವಾರಗಟ್ಟಲೆ ಸೇರುತ್ತ ಹೋಗುವ ಬಿಸಿ ಬೇಕು. ಒಂದು ದಿನದ ಬಿಸಿಲಿಗೆ ಅದು ಮೋಸಹೋಗುವುದಿಲ್ಲ. ಏಪ್ರಿಲ್‌ನಲ್ಲಿ ರೆಕ್ಕೆ ತುದಿಯ ಕಿತ್ತಳೆ ಬಣ್ಣ ತೋರಿಸುತ್ತ ಗಂಡು ಆರೆಂಜ್ ಟಿಪ್ ಹಾರಿತೆಂದರೆ ಹಿಂದಿನ ಹಲವು ವಾರಗಳ ಬಿಸಿಯ ಒಟ್ಟು ಲೆಕ್ಕ ಅದರಲ್ಲಿ ಅಡಗಿರುತ್ತದೆ. ಹೋಲಿ ಬ್ಲೂ ಚಿಟ್ಟೆಯೂ ಇದೇ ಗುಂಪಿಗೆ ಸೇರುತ್ತದೆ. ವಸಂತವನ್ನು ಅಳೆಯಬೇಕಾದರೆ ಕಣ್ಣು ನೆಡಬೇಕಾದದ್ದು ಇವುಗಳ ಮೇಲೆ. ಆದರೆ ಸುದ್ದಿಯಾಗುವುದು ಬ್ರಿಮ್‌ಸ್ಟೋನ್, ಏಕೆಂದರೆ ಅದು ಮೊದಲು ಕಾಣುತ್ತದೆ. ಹಾಗೆ ನೋಡಿದರೆ ‘ವರ್ಷದ ಮೊದಲ ಚಿಟ್ಟೆ’ ಎಂಬ ಕಲ್ಪನೆಯೇ ದಕ್ಷಿಣ ಇಂಗ್ಲೆಂಡಿನಲ್ಲಿ ಸಡಿಲವಾಗುತ್ತಿದೆ. ಡಿಸೆಂಬರ್ ಕೊನೆಯ ದಿನ ತೋಟದಲ್ಲಿ ಕಂಡ ರೆಡ್ ಅಡ್ಮಿರಲ್ ಆ ವರ್ಷದ ಕೊನೆಯ ಚಿಟ್ಟೆ; ಮರುದಿನ ಅದೇ ತೋಟದಲ್ಲಿ ಅದೇ ಜೀವಿ ಹೊಸ ವರ್ಷದ ಮೊದಲ ಚಿಟ್ಟೆ. ನಡುವೆ ಬದಲಾದದ್ದು ಗೋಡೆಯ ಕ್ಯಾಲೆಂಡರ್ ಮಾತ್ರ.

ಇನ್ನು ದಿನಾಂಕದ ಮಾತು. ಜಾತಿ ಯಾವುದೇ ಇರಲಿ, ಮೊದಲು ಕಂಡ ದಿನ ಎಂಬುದು ಅಂಕಿಅಂಶದ ದೃಷ್ಟಿಯಿಂದ ಒಂದು ತುತ್ತತುದಿ. ಸರಾಸರಿಯಂತೆ ಅದು ಸ್ಥಿರವಾಗಿ ನಿಲ್ಲುವುದಿಲ್ಲ. ಎಷ್ಟು ಜನ ಎಷ್ಟು ಹೊತ್ತು ಹುಡುಕಿದರು ಎಂಬುದರ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಐವತ್ತು ಮಕ್ಕಳ ಶಾಲೆ ಮತ್ತು ಐನೂರು ಮಕ್ಕಳ ಶಾಲೆ ಎರಡರಲ್ಲೂ ಮಕ್ಕಳ ಸರಾಸರಿ ಎತ್ತರ ಒಂದೇ ಎಂದುಕೊಳ್ಳೋಣ. ಅತಿ ಎತ್ತರದ ಮಗು ದೊಡ್ಡ ಶಾಲೆಯಲ್ಲೇ ಸಿಗುವ ಸಂಭವ ಹೆಚ್ಚು. ಅದರಿಂದ ದೊಡ್ಡ ಶಾಲೆಯ ಮಕ್ಕಳು ಚೆನ್ನಾಗಿ ಬೆಳೆದಿದ್ದಾರೆ ಎಂದರೆ ಯಾರೂ ಒಪ್ಪುವುದಿಲ್ಲ. ಹತ್ತು ಜನ ಹುಡುಕುತ್ತಿದ್ದ ಕಡೆ ಸಾವಿರ ಜನ ಹುಡುಕಿದರೆ ಮೊದಲ ಚಿಟ್ಟೆಯ ದಿನ ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ. ಹವಾಮಾನ ಕೂದಲೆಳೆಯಷ್ಟೂ ಬದಲಾಗಬೇಕಿಲ್ಲ. ಕೈಯಲ್ಲಿ ಕ್ಯಾಮೆರಾ ಇರುವ ಫೋನು, ಒಂದೇ ನಿಮಿಷದಲ್ಲಿ ದಾಖಲೆ ಕಳಿಸುವ ಅನುಕೂಲ ಬಂದ ಮೇಲೆ ನೋಡುವ ಕಣ್ಣುಗಳು ಹೆಚ್ಚಿವೆ. ಕಂಡ ದಿನಗಳು ಹಿಂದಕ್ಕೆ ಸರಿದಿದ್ದರೆ ಅದರಲ್ಲಿ ಚಿಟ್ಟೆಯ ಪಾಲೆಷ್ಟು, ಫೋನಿನ ಪಾಲೆಷ್ಟು? ಬರೀ ದಿನಾಂಕದಲ್ಲಿ ಇದಕ್ಕೆ ಉತ್ತರವಿಲ್ಲ.

ಇದರ ಇನ್ನೊಂದು ಮಗ್ಗುಲು ಇನ್ನೂ ತೊಡಕಿನದು. ಚಿಟ್ಟೆಗಳ ಸಂಖ್ಯೆ ಕುಸಿದರೆ ಮೊದಲ ಚಿಟ್ಟೆ ಕಣ್ಣಿಗೆ ಬೀಳುವುದು ತಡವಾಗುತ್ತದೆ. ನೂರು ಚಿಟ್ಟೆ ಏಳುವ ಕಾಡಿನಲ್ಲಿ ತೀರಾ ಮೊದಲು ಏಳುವ ಒಂದೆರಡು ಯಾರಿಗಾದರೂ ಸಿಕ್ಕಾವು. ಹತ್ತೇ ಏಳುವಲ್ಲಿ ಅದೃಷ್ಟ ಬೇಕು. ಬ್ರಿಟನ್ನಿನ ಚಿಟ್ಟೆಗಳ ಸ್ಥಿತಿಗತಿ ಕುರಿತ 2022ರ ವರದಿ ಪ್ರಕಾರ 1970ರ ದಶಕದಿಂದೀಚೆಗೆ ಶೇಕಡ 80ರಷ್ಟು ಜಾತಿಗಳು ಸಂಖ್ಯೆಯಲ್ಲೋ ಹರವಿನಲ್ಲೋ ಅಥವಾ ಎರಡರಲ್ಲೂ ಕುಗ್ಗಿವೆ. ನೋಡುವವರ ಹೆಚ್ಚಳ ದಿನಾಂಕವನ್ನು ಹಿಂದಕ್ಕೆ ಎಳೆಯುತ್ತದೆ, ಚಿಟ್ಟೆಗಳ ಇಳಿಕೆ ಮುಂದಕ್ಕೆ ತಳ್ಳುತ್ತದೆ. ಈ ಎರಡು ದೋಷಗಳು ಒಂದನ್ನೊಂದು ಹೊಡೆದುಹಾಕಿದರೆ ದಿನಾಂಕ ಅಲುಗದೆ ನಿಂತಂತೆ ಕಾಣುತ್ತದೆ. ಆಗ ಏನೂ ಬದಲಾಗಿಲ್ಲ ಎಂದು ಬರೆದುಕೊಳ್ಳುವ ಅಪಾಯವಿದೆ.

ಸ್ಥಳದ ಪ್ರಶ್ನೆಯನ್ನೂ ಇಲ್ಲೇ ಸೇರಿಸಬೇಕು. ಮೊದಲ ಚಿಟ್ಟೆ ಹುಡುಕಲು ಜನ ಹೋಗುವುದು ನಿಸರ್ಗ ಮೀಸಲು ಪ್ರದೇಶಕ್ಕೆ. ಅಲ್ಲಿಯೂ ಅವರು ನಿಲ್ಲುವುದು ದಕ್ಷಿಣಕ್ಕೆ ಮುಖಮಾಡಿದ ಇಳಿಜಾರಿನಲ್ಲಿ ಅಥವಾ ಮರಗಳ ನಡುವಿನ ಬಿಸಿಲು ಬೀಳುವ ಅಗಲವಾದ ಕಾಡುದಾರಿಯಲ್ಲಿ. ಇವು ಆ ಪ್ರದೇಶದ ಅತಿ ಬೆಚ್ಚನೆಯ ಜಾಗಗಳು. ಚಿಟ್ಟೆಗಳಿಗೆಂದೇ ಜೋಪಾನ ಮಾಡಿದ ಜಾಗದ ಅತಿ ಬೆಚ್ಚನೆಯ ಮೂಲೆಯಲ್ಲಿ, ಬಿಸಿಲು ಬಿದ್ದ ದಿನವೇ ಹೋಗಿ, ಬಹುಶಃ ರಜಾದಿನದಲ್ಲಿ ಹೋಗಿ ಕಂಡದ್ದನ್ನು ಇಡೀ ಜಿಲ್ಲೆಯ ವಸಂತವೆಂದು ಕರೆಯುವುದು ಹೇಗೆ? ಸುತ್ತಲಿನ ಹೊಲ, ರಸ್ತೆ ಬದಿ, ಊರಿನ ಖಾಲಿ ನಿವೇಶನಗಳಲ್ಲಿ ಅದೇ ವಾರ ಏನಾಗುತ್ತಿತ್ತೆಂಬುದು ಈ ದಾಖಲೆಯಲ್ಲಿ ಇರುವುದೇ ಇಲ್ಲ. ಹೋಗಿ ಏನೂ ಕಾಣದೆ ಮರಳಿದವರ ದಾಖಲೆಯಂತೂ ಎಲ್ಲೂ ಇರುವುದಿಲ್ಲ.

ಇದಕ್ಕೆ ಎದುರಾಗಿ ಬರಬಹುದಾದ ಆಕ್ಷೇಪಗಳನ್ನು ಒಂದೊಂದಾಗಿ ತೂಗಬೇಕು.

1. ದಾಖಲೆಗಳು ಸಾಕಷ್ಟು ಸೇರಿದರೆ ಸಣ್ಣಪುಟ್ಟ ತಪ್ಪುಗಳು ತಾವಾಗಿಯೇ ಸರಿಹೋಗುತ್ತವೆ ಎನ್ನುವುದು ಮೊದಲ ಆಕ್ಷೇಪ. ಅತ್ತಿತ್ತ ಚದುರಿದ ತಪ್ಪುಗಳ ಮಟ್ಟಿಗೆ ಇದು ನಿಜ. ಹೆಣ್ಣು ಆರೆಂಜ್ ಟಿಪ್‌ಗೆ ಕಿತ್ತಳೆ ತುದಿ ಇರುವುದಿಲ್ಲ. ಒಬ್ಬರು ಅದನ್ನು ಬೇರೆ ಬಿಳಿ ಚಿಟ್ಟೆ ಎಂದುಕೊಂಡರೆ ಮತ್ತೊಬ್ಬರು ಬೇರೆ ಬಿಳಿ ಚಿಟ್ಟೆಯನ್ನೇ ಇದೆಂದುಕೊಳ್ಳಬಹುದು. ಆದರೆ ಒಂದೇ ದಿಕ್ಕಿಗೆ ಎಳೆಯುವ ದೋಷ ದಾಖಲೆ ಹೆಚ್ಚಿದಷ್ಟೂ ಕರಗುವುದಿಲ್ಲ. ‘ಮೊದಲ ದಿನ’ದ ವಿಷಯದಲ್ಲಂತೂ ದಾಖಲೆಗಳ ಹೆಚ್ಚಳವೇ ದೋಷದ ಮೂಲ. ಸರಾಸರಿಗೆ ಔಷಧವಾದದ್ದು ಇಲ್ಲಿ ಕಾಯಿಲೆಯಾಗುತ್ತದೆ.

2. ಮಾರ್ಷಮ್ ಮನೆತನದ ಎರಡು ಶತಮಾನದ ದಾಖಲೆ ವ್ಯರ್ಥವೇ ಎಂಬುದು ಎರಡನೆಯದು. ಖಂಡಿತ ವ್ಯರ್ಥವಲ್ಲ, ಆದರೆ ಅದರ ಬೆಲೆ ಬಂದದ್ದೆಲ್ಲಿಂದ ಎಂದು ನೋಡಬೇಕು. ಒಂದೇ ಎಸ್ಟೇಟು, ಒಂದೇ ಮನೆತನ, ವರ್ಷ ವರ್ಷವೂ ಅವೇ ಲಕ್ಷಣಗಳು. ನೋಡುವವರ ಸಂಖ್ಯೆಯಾಗಲಿ ಜಾಗವಾಗಲಿ ಹೆಚ್ಚು ಬದಲಾಗದಿದ್ದುದರಿಂದ ಬದಲಾದ ದಿನಾಂಕಕ್ಕೆ ಅರ್ಥ ಬಂತು. ಅದೂ ಅಲ್ಲದೆ, ಅಲ್ಲಿ ಹಳದಿ ಚಿಟ್ಟೆ ಒಂಟಿ ಸಾಕ್ಷಿಯಾಗಿರಲಿಲ್ಲ. ಮರಗಳ ಚಿಗುರು, ಹೂವು, ಹಕ್ಕಿಗಳ ಜೊತೆಯಲ್ಲಿ ಅದು ಇಪ್ಪತ್ತೇಳರಲ್ಲಿ ಒಂದಾಗಿತ್ತು. ಇವತ್ತು ದೇಶದ ಮೂಲೆಮೂಲೆಯಿಂದ ಯಾರುಯಾರೋ ಕಳಿಸಿದ ದಿನಾಂಕಗಳ ರಾಶಿಗೆ ಮಾರ್ಷಮ್ ಹೆಸರಿನ ಗೌರವ ಸಲ್ಲುವುದಿಲ್ಲ.

3. ಮೂರನೆಯದು ಹೆಚ್ಚು ಗಟ್ಟಿಯಾದ ಆಕ್ಷೇಪ. ವಿಜ್ಞಾನಿಗಳೇ ಮೊದಲು ಕಂಡ ದಿನಗಳನ್ನು ಬಳಸಿದ್ದಾರಲ್ಲ? ಹೌದು. ಡೇವಿಡ್ ರಾಯ್ ಮತ್ತು ಟಿಮ್ ಸ್ಪಾರ್ಕ್ಸ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬ್ರಿಟನ್ನಿನ 35 ಜಾತಿಯ ಚಿಟ್ಟೆಗಳನ್ನು ಪರಿಶೀಲಿಸಿ, ತಾಪಮಾನ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಹೆಚ್ಚಿನವುಗಳ ಮೊದಲ ದಿನವೂ ಅತಿ ಹೆಚ್ಚು ಸಂಖ್ಯೆಯಲ್ಲಿ ಹಾರುವ ದಿನವೂ 2ರಿಂದ 10 ದಿನ ಹಿಂದಕ್ಕೆ ಬರಬಹುದು ಎಂದು ತೋರಿಸಿದರು. ಮೇಲುನೋಟಕ್ಕೆ ಇದು ಈ ಲೇಖನದ ವಾದವನ್ನೇ ಮುರಿಯುವಂತಿದೆ. ಆದರೆ ಆ ದಿನಗಳು ಎಲ್ಲಿಂದ ಬಂದವು ಎಂದು ಕೇಳಿದರೆ ವಾದಕ್ಕೆ ಬಲವೇ ಬರುತ್ತದೆ.

ಅವು ಬಂದದ್ದು ಎರ್ನಿ ಪೊಲಾರ್ಡ್ ರೂಪಿಸಿದ ನಡಿಗೆಗಳಿಂದ. ಕೇಂಬ್ರಿಡ್ಜ್‌ಶೈರಿನ ಮಾಂಕ್ಸ್ ವುಡ್ ರಾಷ್ಟ್ರೀಯ ನಿಸರ್ಗ ಮೀಸಲು ಪ್ರದೇಶದಲ್ಲಿ 1973ರಲ್ಲಿ ಪೊಲಾರ್ಡ್ ಈ ವಿಧಾನವನ್ನು ಪ್ರಯೋಗಿಸಿ ನೋಡಿದರು. 1976ರಲ್ಲಿ ಅದು ದೇಶವ್ಯಾಪಿ ಯೋಜನೆಯಾಯಿತು. ನಿಯಮಗಳು ಸರಳ, ಆದರೆ ಬಿಗಿ. ಗೊತ್ತುಮಾಡಿದ ಒಂದೇ ದಾರಿಯಲ್ಲಿ, ಏಪ್ರಿಲ್ ಒಂದರಿಂದ ಸೆಪ್ಟೆಂಬರ್ ಕೊನೆಯವರೆಗೆ ವಾರಕ್ಕೊಮ್ಮೆ, ಒಟ್ಟು 26 ವಾರ, ನಡೆಯಬೇಕು. ಹೊತ್ತು ಬೆಳಗ್ಗೆ 10.45ರಿಂದ ಮಧ್ಯಾಹ್ನ 3.45ರ ಒಳಗೆ. ಐದು ಮೀಟರ್ ಅಗಲದ ಕಾಲ್ಪನಿಕ ಪಟ್ಟಿಯೊಳಗೆ ಕಂಡ ಚಿಟ್ಟೆಗಳನ್ನು ಮಾತ್ರ ಎಣಿಸಬೇಕು. ಪಕ್ಕದ ಪೊದೆಯ ಮೇಲೆ ಎಂಥ ಅಪರೂಪದ ಚಿಟ್ಟೆ ಕುಳಿತಿದ್ದರೂ ಅದು ಲೆಕ್ಕಕ್ಕಿಲ್ಲ. ತಾಪಮಾನ 13 ಡಿಗ್ರಿಗಿಂತ ಕಡಿಮೆ ಇದ್ದರೆ ನಡೆಯುವಂತಿಲ್ಲ. 13ರಿಂದ 17ರ ನಡುವೆ ಇದ್ದರೆ ಬಿಸಿಲು ಚೆನ್ನಾಗಿರಬೇಕು. ಮುಖ್ಯವಾದ ನಿಯಮ ಇನ್ನೊಂದಿದೆ: ಏನೂ ಕಾಣದಿದ್ದರೆ ಸೊನ್ನೆ ಎಂದು ಬರೆಯಬೇಕು. ಹುಡುಕಾಟದ ಪ್ರಮಾಣವನ್ನು ಕಟ್ಟಿಹಾಕಿದ್ದರಿಂದ ಈ ನಡಿಗೆಗಳಲ್ಲಿ ಸಿಕ್ಕ ಮೊದಲ ದಿನಕ್ಕೆ ತೂಕ ಬಂತು. ಹಾಗಿದ್ದೂ ರಾಯ್ ಮತ್ತು ಸ್ಪಾರ್ಕ್ಸ್ ಬರೀ ಮೊದಲ ದಿನವನ್ನು ನೆಚ್ಚಿಕೊಳ್ಳದೆ ಗರಿಷ್ಠ ಸಂಖ್ಯೆಯ ದಿನವನ್ನೂ ನೋಡಿದರು. ಇಷ್ಟು ಕಟ್ಟುನಿಟ್ಟಿನ ಲೆಕ್ಕದಲ್ಲಿ ದುಡಿದ ಅಂಕಿಯನ್ನು ಭಾನುವಾರದ ವಿಹಾರದಲ್ಲಿ ಕಂಡ ಚಿಟ್ಟೆಗೆ ಸಾಲವಾಗಿ ಕೊಡಲಾಗದು.

ಪೊಲಾರ್ಡ್ ವಿಧಾನಕ್ಕೂ ಮಿತಿಗಳಿವೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಅದು ಶುರುವಾಗುವುದೇ ಏಪ್ರಿಲ್‌ನಲ್ಲಿ. ಮಾರ್ಚ್ ತಿಂಗಳ ಬ್ರಿಮ್‌ಸ್ಟೋನ್ ಅದರ ಲೆಕ್ಕಕ್ಕೆ ಸಿಗುವುದೇ ಇಲ್ಲ. ವಸಂತ ಹಿಂದಕ್ಕೆ ಸರಿಯುತ್ತ ಹೋದಂತೆ, ಬೇಗ ಹಾರುವ ಜಾತಿಗಳ ಆರಂಭದ ದಿನಗಳು ಲೆಕ್ಕದ ಬಾಗಿಲು ತೆರೆಯುವ ಮೊದಲೇ ಕಳೆದುಹೋಗುವ ಸಾಧ್ಯತೆ ನಿಜವಾದದ್ದು. ಈ ಒಂದು ಕಡೆ, ಬಿಡಿಬಿಡಿಯಾಗಿ ಕಂಡವರ ದಾಖಲೆಗೆ ಬೆಲೆಯಿದೆ. ಆ ಅಂತರವನ್ನು ತುಂಬಲು ಬೇರೆ ಯಾವುದೂ ಇಲ್ಲ. ನಡಿಗೆಯ ದಾರಿಗಳಲ್ಲಿ ಬಹಳಷ್ಟು ಮೀಸಲು ಪ್ರದೇಶಗಳಲ್ಲೇ ಇದ್ದವೆಂಬುದು ಇನ್ನೊಂದು ಕೊರತೆ. ಅದನ್ನು ಸರಿದೂಗಿಸಲೆಂದೇ 2009ರಲ್ಲಿ ಸಾಮಾನ್ಯ ಗ್ರಾಮೀಣ ಪ್ರದೇಶದಲ್ಲಿ ಒಂದು ಕಿಲೋಮೀಟರ್ ಚೌಕಗಳನ್ನು ಚೀಟಿ ಎತ್ತಿದಂತೆ ಆರಿಸಿ ಎಣಿಸುವ ಸಮೀಕ್ಷೆ ಶುರುವಾಯಿತು. ವಿಧಾನದ ದೋಷ ಗೊತ್ತಿದ್ದರೆ ಅದನ್ನು ತಿದ್ದಬಹುದು. ವಿಧಾನವೇ ಇಲ್ಲದ ದಾಖಲೆಯಲ್ಲಿ ತಿದ್ದುವುದಕ್ಕೂ ಏನೂ ಸಿಗುವುದಿಲ್ಲ.

ಉಳಿದದ್ದು ನಾಲ್ಕನೆಯ ಹೇಳಿಕೆ: ಬೇಗ ಬಂದರೆ ಚಿಟ್ಟೆಗಳಿಗೆ ಒಳ್ಳೆಯದು. ಮೈ ನಡುಗುವ ಚಳಿಯಲ್ಲಿ ಬದುಕುವ ಮನುಷ್ಯರಿಗೆ ಬೆಚ್ಚನೆಯ ದಿನ ಹಿತವೆನಿಸುವುದರಿಂದ ಚಿಟ್ಟೆಗೂ ಹಾಗೆಯೇ ಎಂಬ ಊಹೆ ಇದರ ಹಿಂದಿದೆ. ನಿದ್ದೆಯಲ್ಲಿರುವ ಬ್ರಿಮ್‌ಸ್ಟೋನ್‌ಗೆ ಚಳಿ ಶತ್ರುವಲ್ಲ. ಚಳಿಯಲ್ಲಿ ಅದರ ದೇಹದ ಖರ್ಚು ಕಡಿಮೆ. ಶರತ್ಕಾಲದಲ್ಲಿ ಕೂಡಿಟ್ಟ ಕೊಬ್ಬು ವಸಂತದವರೆಗೂ ಬರುತ್ತದೆ. ನಡುಚಳಿಗಾಲದಲ್ಲಿ ಮತ್ತೆ ಮತ್ತೆ ಬೆಚ್ಚಗಾದರೆ ಖರ್ಚು ಏರುತ್ತದೆ, ಆದರೆ ಆಗ ಹೂವುಗಳೇ ವಿರಳ, ಆದಾಯವಿಲ್ಲ. ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಚಳಿಗಾಲ ಕಳೆಯುವ ಹಂತದಲ್ಲಿ ಬಂದ ಅತಿ ಬಿಸಿಯ ದಿನಗಳು ಬ್ರಿಟನ್ನಿನ ಅರ್ಧಕ್ಕಿಂತ ಹೆಚ್ಚು ಚಿಟ್ಟೆ ಜಾತಿಗಳ ಸಂಖ್ಯೆಗೆ ಹೊಡೆತ ಕೊಡುತ್ತವೆಂದು ಕಂಡುಬಂತು. ಜನವರಿಯ ಚಿಟ್ಟೆಯನ್ನು ಕಂಡು ಸಂತೋಷಪಡುವವರು ಗಮನಿಸಬೇಕಾದ ಅಂಶ ಇದು.

ಎದುರು ಪುರಾವೆಯೂ ಇದೆ. ಅದನ್ನು ಬಿಟ್ಟರೆ ವಾದ ಏಕಪಕ್ಷೀಯವಾಗುತ್ತದೆ. ಯಾರ್ಕ್ ವಿಶ್ವವಿದ್ಯಾಲಯದ ತಂಡ 130 ಜಾತಿಯ ಚಿಟ್ಟೆ ಮತ್ತು ಪತಂಗಗಳನ್ನು ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪೀಳಿಗೆ ಮಾಡುವ ಜಾತಿಗಳಿಗೆ ಬೇಗ ಹೊರಬಂದದ್ದರಿಂದ ಲಾಭವಾಗಿದೆ. ಮೊದಲ ಪೀಳಿಗೆ ಬೇಗ ಮುಗಿದರೆ ಮುಂದಿನದಕ್ಕೆ ಸಮಯ ಸಿಗುತ್ತದೆ, ಸಂಖ್ಯೆ ಏರುತ್ತದೆ, ಉತ್ತರಕ್ಕೆ ಹಬ್ಬಲು ಅನುಕೂಲವಾಗುತ್ತದೆ. ಸ್ಪೆಕಲ್ಡ್ ವುಡ್ ಇದಕ್ಕೆ ಒಳ್ಳೆಯ ಉದಾಹರಣೆ. ಆದರೆ ವರ್ಷಕ್ಕೆ ಒಂದೇ ಪೀಳಿಗೆಯ, ನಿರ್ದಿಷ್ಟ ಬಗೆಯ ನೆಲೆಯನ್ನೇ ಬಯಸುವ ಜಾತಿಗಳು ಬೇಗ ಬಂದರೂ ಗಳಿಸಿದ್ದು ಏನೂ ಇಲ್ಲ. ಅವುಗಳ ಸಂಖ್ಯೆ ಇಳಿಯಿತು. ಹೆಚ್ಚು ಪೀಳಿಗೆ ಮಾಡುವುದೂ ಎಲ್ಲ ಸಲ ವರವಲ್ಲ. ಬೆಲ್ಜಿಯಮ್ಮಿನ ಹಾನ್ಸ್ ವಾನ್ ಡೈಕ್ ಮತ್ತು ಸಂಗಡಿಗರು ವಾಲ್ ಬ್ರೌನ್ ಎಂಬ ಚಿಟ್ಟೆಯ ಬಗ್ಗೆ 2015ರಲ್ಲಿ ಮಂಡಿಸಿದ ಊಹನೆ ಗಮನಾರ್ಹ. ಬೆಚ್ಚನೆಯ ಶರತ್ಕಾಲಕ್ಕೆ ಮರುಳಾಗಿ ಅದು ಮೂರನೆಯ ಪೀಳಿಗೆಯನ್ನು ಹೊರತರುತ್ತದೆ; ಆ ಪೀಳಿಗೆಯ ಮರಿಹುಳುಗಳು ಸಾಕಷ್ಟು ಬೆಳೆಯುವ ಮೊದಲೇ ಚಳಿ ಬಂದು ಸಾಯುತ್ತವೆ; ಇದೇ ಅದರ ಕುಸಿತಕ್ಕೆ ಕಾರಣವಿರಬಹುದು. ಒಟ್ಟಿನಲ್ಲಿ ‘ಬೇಗ’ ಎಂಬುದರ ಫಲ ಜಾತಿಯಿಂದ ಜಾತಿಗೆ ಬೇರೆ. ಎಲ್ಲ ಜಾತಿಗಳನ್ನೂ ‘ಚಿಟ್ಟೆ’ ಎಂದು ಒಟ್ಟುಗೂಡಿಸುವ ಸುದ್ದಿಯಲ್ಲಿ ಈ ವ್ಯತ್ಯಾಸ ಕಾಣದಾಗುತ್ತದೆ.

ವಸಂತ ಮತ್ತು ಚಿಟ್ಟೆಯ ಈ ಜೋಡಿ ಪಠ್ಯಪುಸ್ತಕ, ಚಿತ್ರಪುಸ್ತಕಗಳ ಮೂಲಕ ಕನ್ನಡದ ಓದುಗರಿಗೂ ಪರಿಚಿತ. ಕರ್ನಾಟಕದಲ್ಲಿ ಅದು ಇನ್ನಷ್ಟು ಎಡವುತ್ತದೆ. ಇಲ್ಲಿ ಚಿಟ್ಟೆಗಳ ದಿನಚರಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಮಳೆ. ಮಳೆ ಬಿದ್ದು ಆಹಾರಸಸ್ಯಗಳು ಚಿಗುರಿದ ಮೇಲೆ ಸಂಖ್ಯೆ ಏರುತ್ತದೆ; ಮಲೆನಾಡಿನ ಕಾಡುಗಳಲ್ಲಿ ಮಳೆಗಾಲ ಮುಗಿದ ಮೇಲಿನ ತಿಂಗಳುಗಳು ಚಿಟ್ಟೆ ನೋಡುವವರಿಗೆ ಹಬ್ಬ. ಈವ್ನಿಂಗ್ ಬ್ರೌನ್ ಚಿಟ್ಟೆಗೆ ಮಳೆಗಾಲದಲ್ಲಿ ಕಣ್ಣಿನಂಥ ಚುಕ್ಕೆಗಳಿರುವ ಒಂದು ರೂಪ, ಒಣಗಾಲದಲ್ಲಿ ತರಗೆಲೆಯಂಥ ಮತ್ತೊಂದು ರೂಪ. ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ ಮುಂತಾದವು ಮುಂಗಾರಿಗೆ ಮುಂಚೆ ಪಶ್ಚಿಮ ಘಟ್ಟಗಳಿಂದ ಪೂರ್ವದ ಬಯಲಿನ ಕಡೆಗೆ ಸಾಲುಸಾಲಾಗಿ ವಲಸೆ ಹೋಗುತ್ತವೆ. ಯುಗಾದಿಯ ನಂತರ ಬೆಂಗಳೂರಿನ ತೋಟದಲ್ಲಿ ದಿಢೀರನೆ ಕಂಡ ಡಾರ್ಕ್ ಬ್ಲೂ ಟೈಗರ್ ಅಲ್ಲೇ ಹುಟ್ಟಿದ್ದೋ ಘಟ್ಟದಿಂದ ಇಳಿದು ಬಂದದ್ದೋ ಎಂಬ ಪ್ರಶ್ನೆ, ಬ್ರಿಮ್‌ಸ್ಟೋನ್ ಯಾವ ವರ್ಷ ಹುಟ್ಟಿತು ಎಂಬ ಪ್ರಶ್ನೆಯಷ್ಟೇ ಮುಖ್ಯ. 2020ರಿಂದ ಭಾರತದಲ್ಲಿ ಸೆಪ್ಟೆಂಬರ್ ತಿಂಗಳನ್ನು ಚಿಟ್ಟೆಗಳ ತಿಂಗಳೆಂದು ಆಚರಿಸುತ್ತಿರುವುದು ಇಲ್ಲಿನ ಋತುಮಾನಕ್ಕೆ ಒಪ್ಪುವ ಆಯ್ಕೆ. ಆದರೆ ಹುಡುಕಾಟದ ಲೆಕ್ಕವಿಲ್ಲದ ಬಿಡಿ ಫೋಟೋಗಳ ರಾಶಿ ಬೆಳೆದರೆ ಬ್ರಿಟನ್ನಿನ ತೊಡಕೇ ಇಲ್ಲಿಯೂ ಬರುತ್ತದೆ.

ಕೊನೆಯದಾಗಿ ಒಂದು ಮೃದುವಾದ ಆಕ್ಷೇಪ ಉಳಿಯುತ್ತದೆ. ಮೊದಲ ಚಿಟ್ಟೆಯ ಸಂಭ್ರಮ ಜನರನ್ನು ಮನೆಯಿಂದ ಹೊರಗೆ ಕರೆತರುತ್ತದೆ. ಪೊಲಾರ್ಡ್ ನಡಿಗೆಯ ಸ್ವಯಂಸೇವಕರಲ್ಲಿ ಎಷ್ಟೋ ಮಂದಿ ಇಂಥ ಸಂಭ್ರಮದಿಂದಲೇ ಶುರುಮಾಡಿದ್ದಿರಬಹುದು. ಅದನ್ನು ಲೆಕ್ಕಾಚಾರದಿಂದ ಒಣಗಿಸಬೇಕೇ? ಬೇಕಿಲ್ಲ. ಸಂತೋಷಕ್ಕೆ ಪುರಾವೆಯ ಹೊರೆ ಹೊರಿಸದಿದ್ದರಾಯಿತು. ಅದೇ ಸುತ್ತಾಟದಿಂದ ಪುರಾವೆಯೂ ಸಿಗಬೇಕೆಂದರೆ ಹೆಚ್ಚಿನ ಶ್ರಮವೇನೂ ಬೇಡ. ದಿನಾಂಕದ ಜೊತೆಗೆ ಇನ್ನು ಮೂರು ಸಂಗತಿಗಳನ್ನು ಬರೆದುಕೊಂಡರೆ ಸಾಕು.

ಒಂದು, ಎಷ್ಟು ಹೊತ್ತು, ಯಾವ ದಾರಿಯಲ್ಲಿ ಹುಡುಕಿದ್ದು, ಮತ್ತು ಏನೂ ಕಾಣದ ದಿನಗಳು ಯಾವುವು ಎಂಬುದು.

ಎರಡು, ರೆಕ್ಕೆಯ ಸ್ಥಿತಿ. ಅಂಚು ಹರಿದು ಬಣ್ಣ ಮಾಸಿದ್ದರೆ ಅದು ಚಳಿಗಾಲ ದಾಟಿ ಬಂದದ್ದು. ಹೊಚ್ಚಹೊಸ ರೆಕ್ಕೆಯಾದರೆ ಕೋಶದಿಂದ ಈಗಷ್ಟೇ ಹೊರಬಂದದ್ದು.

ಮೂರು, ಅದು ಏನು ಮಾಡುತ್ತಿತ್ತು. ಬಿಸಿಲು ಕಾಯುತ್ತಿದ್ದ ಚಿಟ್ಟೆಗಿಂತ ಮೊಟ್ಟೆಯಿಡುತ್ತಿದ್ದ ಚಿಟ್ಟೆ ಹೇಳುವುದು ಹೆಚ್ಚು.

ಈ ಮೂರನೆಯ ಅಂಶದ ಉಪಯೋಗ ಮೀಸಲು ಪ್ರದೇಶವನ್ನು ನೋಡಿಕೊಳ್ಳುವವರಿಗೆ ನೇರವಾಗಿ ಆಗುತ್ತದೆ. ಆರೆಂಜ್ ಟಿಪ್ ಹೆಣ್ಣು ಕುಕ್ಕೂಫ್ಲವರ್ ಅಥವಾ ಗಾರ್ಲಿಕ್ ಮಸ್ಟರ್ಡ್ ಗಿಡದ ಹೂಗೊಂಚಲಿನಲ್ಲಿ ಸಾಮಾನ್ಯವಾಗಿ ಗಿಡಕ್ಕೊಂದರಂತೆ ಮೊಟ್ಟೆಯಿಡುತ್ತದೆ, ಏಕೆಂದರೆ ಮರಿಹುಳುಗಳು ಒಂದನ್ನೊಂದು ತಿನ್ನುತ್ತವೆ. ಕೆಲವು ದಿನಗಳಲ್ಲಿ ಮೊಟ್ಟೆ ಗಾಢ ಕಿತ್ತಳೆ ಬಣ್ಣಕ್ಕೆ ತಿರುಗುವುದರಿಂದ ಬರಿಗಣ್ಣಿಗೇ ಕಾಣುತ್ತದೆ, ಎಣಿಸುವುದು ಸುಲಭ. ಮೇ ತಿಂಗಳಲ್ಲಿ ರಸ್ತೆ ಬದಿಯ ಹುಲ್ಲು ಸವರಿದರೆ ಮೊಟ್ಟೆ, ಮರಿಹುಳು ಗಿಡದ ಸಮೇತ ಹೋಗುತ್ತವೆ. ಅಲ್ಲಿ ಉಳಿದು ಬೆಳೆದವು ನಡುಬೇಸಿಗೆಗೆ ಕೋಶಕಟ್ಟಿ ನೆಟ್ಟಗೆ ನಿಂತ ಕಾಂಡಗಳಿಗೆ ಅಂಟಿಕೊಂಡು ಮುಂದಿನ ವಸಂತದವರೆಗೆ ಹಾಗೆಯೇ ಇರುತ್ತವೆ. ಅಕ್ಟೋಬರಿನಲ್ಲಿ ಒಣಗಿದ ಗಿಡಗಳನ್ನು ಕಸವೆಂದು ಕತ್ತರಿಸಿ ಸ್ವಚ್ಛ ಮಾಡಿದರೆ ಮುಂದಿನ ಏಪ್ರಿಲ್‌ನ ಚಿಟ್ಟೆಗಳು ಆ ರಾಶಿಯೊಳಗೇ ಹೋಗುತ್ತವೆ. ಯಾವ ಅಂಚನ್ನು ಕತ್ತರಿಸದೆ ಬಿಡಬೇಕೆಂದು ನಿರ್ಧರಿಸುವವರಿಗೆ ಬೇಕಾದದ್ದು ಮೇ ತಿಂಗಳ ಮೊಟ್ಟೆಗಳ ಎಣಿಕೆ ಮತ್ತು ಅವು ಸಿಕ್ಕ ಜಾಗಗಳ ನಕ್ಷೆ. ಮಾರ್ಚ್ ತಿಂಗಳ ಮೊದಲ ದಿನಾಂಕಗಳ ಪಟ್ಟಿಯನ್ನು ಎಷ್ಟು ವರ್ಷ ಕೂಡಿಟ್ಟರೂ ಆ ನಿರ್ಧಾರಕ್ಕೆ ಅದರಿಂದ ನೆರವು ಸಿಗುವುದಿಲ್ಲ.